ಸೈಲೆನ್ಸರ್ ತುಕ್ಕು: ಕ್ರೋಮ್ ಪೈಪಿಗೊಂದು ದಾರಿ, ಬಣ್ಣದ ಪೈಪಿಗೊಂದು

ಕರಾವಳಿಯಲ್ಲಿ ಬೈಕಿನ ಬೇರೆಲ್ಲ ಭಾಗಗಳಿಗಿಂತ ಮೊದಲು ಕೆಂಪಾಗುವುದು ಸೈಲೆನ್ಸರ್. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಓಡಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯ ಉಪ್ಪು ಲೋಹದ ಮೇಲೆ ಕುಳಿತು, ತೇವವನ್ನು ಎಳೆದುಕೊಂಡು, ತುಕ್ಕು ಹಿಡಿಯುವುದನ್ನು ತ್ವರಿತಗೊಳಿಸುತ್ತದೆ. ಪೈಪು ದಿನಕ್ಕೆ ಹಲವು ಸಲ ಕಾದು ತಣಿಯುವುದರಿಂದ ಮೇಲಿನ ಲೇಪದಲ್ಲಿ ಬಿರುಕುಗಳೂ ಬೇಗ ಮೂಡುತ್ತವೆ. ನಮ್ಮ ಮನೆಯಲ್ಲಿರುವ ಎರಡು ಬೈಕುಗಳಲ್ಲಿ ಒಂದಕ್ಕೆ ಕ್ರೋಮ್ ಪೈಪು, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿದ ಪೈಪು ಇರುವುದರಿಂದ, ಜನರು ಹೇಳುವ ಉಪಾಯಗಳನ್ನು ಒಂದೇ ಪೈಪಿನ ಅಕ್ಕಪಕ್ಕದ ಭಾಗಗಳ ಮೇಲೆ ಪ್ರಯೋಗಿಸಿ ನೋಡುವುದು ನನಗೆ ಸಾಧ್ಯವಾಯಿತು. ಯಾವ ಉಪಾಯ ಒಳ್ಳೆಯದು ಎಂದು ಕೇಳುವ ಮೊದಲು ಪೈಪಿನ ಮೇಲ್ಮೈ ಯಾವುದು ಎಂದು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಒಂದಕ್ಕೆ ಔಷಧವಾಗುವುದು ಇನ್ನೊಂದನ್ನು ಕೆಡಿಸುತ್ತದೆ.

ಮೊದಲು ಕ್ರೋಮ್ ವಿಷಯ. ಕ್ರೋಮಿಯಂಗೆ ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕ್ರೋಮಿಯಂ ಇರುತ್ತದೆ. ಈ ಪದರಗಳಲ್ಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಇಳಿದಾಗ ಕೆಳಗಿನ ಉಕ್ಕು ತುಕ್ಕಾಗಿ ಮೇಲೆ ಕಂದು ಚುಕ್ಕೆಯಾಗಿ ಕಾಣಿಸುತ್ತದೆ. ಆದ್ದರಿಂದ ಇಲ್ಲಿ ಚುಕ್ಕೆಯನ್ನು ತೆಗೆಯಬೇಕು, ಆದರೆ ಸುತ್ತಲಿನ ತೆಳುಪದರಕ್ಕೆ ಗೀರು ಬೀಳಬಾರದು. ಈ ಕೆಲಸಕ್ಕೆ ನಾನು ಹೋಲಿಸಿದ ಮೂರರಲ್ಲಿ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ನಿಸ್ಸಂಶಯವಾಗಿ ಮೇಲುಗೈ ಪಡೆಯಿತು. ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹೆಚ್ಚು ಒತ್ತಡ ಹಾಕದೆ ಉಜ್ಜಿದರೆ ಕಂದು ಬಣ್ಣದ ಕೆಸರು ಏಳುತ್ತದೆ ಮತ್ತು ಅದನ್ನು ಒರೆಸಿದಾಗ ಹೊಳಪು ಮರಳಿರುತ್ತದೆ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೃದುವಾದುದರಿಂದ ಗೀರು ಬೀಳುವ ಭಯವಿಲ್ಲ. ಅತಿ ನಯವಾದ 0000 ದರ್ಜೆಯ ಸ್ಟೀಲ್ ವೂಲ್ ಇದಕ್ಕಿಂತ ವೇಗವಾಗಿ ಕೆಲಸ ಮಾಡಿತಾದರೂ, ಅದರ ಎಳೆಗಳ ಪುಡಿ ಪೈಪಿನ ಮೇಲೆ ಉಳಿದು ತಾನೇ ತುಕ್ಕಾಗುತ್ತದೆ. ಪಾತ್ರೆ ತಿಕ್ಕುವ ಒರಟು ಸ್ಕ್ರಬ್ಬರನ್ನಂತೂ ಕ್ರೋಮಿನ ಹತ್ತಿರವೂ ತರಬಾರದು.

ಮೂರನೆಯದು ವಿನೆಗರ್. ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ ಫಾಯಿಲ್ ತಲುಪದ ಮೂಲೆಗಳ ತುಕ್ಕೂ ಸಡಿಲವಾಗುತ್ತದೆ, ಬೆಸುಗೆಯ ಗೆರೆಗಳ ಬಳಿ ಇದರ ಉಪಯೋಗ ನಿಜವಾಗಿಯೂ ಇದೆ. ಆದರೆ ಆಮ್ಲವು ತುಕ್ಕನ್ನು ಕರಗಿಸಿದ ಮೇಲೆ ಬರಿ ಉಕ್ಕನ್ನು ತೆರೆದಿಡುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ, ಮೇಲೆ ರಕ್ಷಣೆ ಹಚ್ಚಿದ ಭಾಗ ಚೆನ್ನಾಗಿ ಉಳಿಯಿತು. ಬರಿ ನೀರಿನಿಂದ ತೊಳೆದು ಬಿಟ್ಟ ಪಕ್ಕದ ಭಾಗದಲ್ಲಿ ಮರುದಿನವೇ ಹಳದಿ ಛಾಯೆ ಕಾಣಿಸಿತು. ಶೌಚಾಲಯ ತೊಳೆಯುವ ದ್ರವವನ್ನು ಹಾಕಿದರೆ ತುಕ್ಕು ಕ್ಷಣದಲ್ಲಿ ಹೋಗುತ್ತದೆ ಎಂದು ಹಲವರು ಸಲಹೆ ಕೊಡುತ್ತಾರೆ. ಇದನ್ನು ನಾನು ಪ್ರಯೋಗಿಸಿಲ್ಲ, ಯಾರೂ ಪ್ರಯೋಗಿಸಬಾರದೆಂದು ಕೇಳಿಕೊಳ್ಳುತ್ತೇನೆ: ಅಂಥ ದ್ರವಗಳಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಮ್ಲವು ಕ್ರೋಮಿಯಂ ಪದರವನ್ನೇ ಕರಗಿಸುತ್ತದೆ.

ಬಣ್ಣದ ಪೈಪಿನಲ್ಲಿ ಸ್ಪರ್ಧೆ ಬೇರೆ. ಅಲ್ಲಿ ಹೊಳಪಿನ ಚಿಂತೆಯಿಲ್ಲ, ಲೋಹ ಉಳಿಯಬೇಕು. ಒಂದು ಭಾಗಕ್ಕೆ ರಸ್ಟ್ ಕನ್ವರ್ಟರ್ (ತುಕ್ಕನ್ನೇ ಕಪ್ಪು ಪದರವಾಗಿ ಮಾರ್ಪಡಿಸುವ ದ್ರವ) ಹಚ್ಚಿ ಅದರ ಮೇಲೆ ಬಣ್ಣ ಬಳಿದೆ. ಇನ್ನೊಂದು ಭಾಗವನ್ನು ತಂತಿ ಬ್ರಶ್ಶು ಮತ್ತು ಎಮರಿ ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಥಿನ್ನರಿನಿಂದ ಒರೆಸಿ, ನೇರವಾಗಿ ಬಣ್ಣ ಹೊಡೆದೆ. ಕನ್ವರ್ಟರಿನಲ್ಲಿರುವ ಟ್ಯಾನಿನ್ ತುಕ್ಕಿನೊಡನೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ. ಹೆಚ್ಚು ಕಾಯದ ಹಿಂಭಾಗದಲ್ಲಿ ಕನ್ವರ್ಟರ್ ಒಳ್ಳೆಯ ಫಲ ಕೊಟ್ಟಿತು, ಶ್ರಮವೂ ಕಡಿಮೆ. ಎಂಜಿನ್ನಿಗೆ ಹತ್ತಿರದ ಬೆಂಡ್ ಪೈಪಿನಲ್ಲಿ ಮಾತ್ರ ಅದು ಶಾಖಕ್ಕೆ ತಾಳದೆ ಮೇಲಿನ ಬಣ್ಣವನ್ನೂ ಎಬ್ಬಿಸಿಕೊಂಡು ಉದುರಿತು. ಅಲ್ಲಿ ಪೂರ್ತಿ ಉಜ್ಜುವುದಕ್ಕೆ ಪರ್ಯಾಯವಿಲ್ಲ. ಬಣ್ಣವೂ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಳುವ ಸಿಲಿಕೋನ್ ಆಧಾರದ್ದೇ ಆಗಬೇಕು. ಗೇಟಿಗೆ ಬಳಿಯುವ ಎನಾಮಲ್ ಕೆಲವೇ ದಿನಗಳಲ್ಲಿ ಸುಟ್ಟು ಸಿಪ್ಪೆಯಾಗುತ್ತದೆ. ತೆಳುವಾಗಿ ಎರಡು ಸಲ ಹೊಡೆದು ಒಣಗಿಸಿ, ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಪೂರ್ತಿ ತಣಿಸುವುದು, ಮತ್ತೆ ಸ್ವಲ್ಪ ಹೆಚ್ಚು ಹೊತ್ತು ಓಡಿಸುವುದು, ಹೀಗೆ ಹಂತ ಹಂತವಾಗಿ ಕಾಯಿಸಿದಾಗಲೇ ಆ ಬಣ್ಣ ಗಟ್ಟಿಯಾಗುವುದು. ಇದೇ ಬಣ್ಣವನ್ನು ಕ್ರೋಮಿನ ಮೇಲೆ ಹೊಡೆದರೆ ನುಣುಪಿಗೆ ಹಿಡಿತ ಸಿಗದೆ ಎದ್ದು ಬರುತ್ತದೆ.

ತುಕ್ಕು ಬಾರದಂತೆ ತಡೆಯುವುದರಲ್ಲಿ ಗ್ಯಾರೇಜಿನವರ ಮೊದಲ ಸಲಹೆ ಹಳೆಯ ಎಂಜಿನ್ ಆಯಿಲ್. ದಿನವೂ ಓಡುವ ಬೈಕಿಗೆ ನಾನು ಇದನ್ನು ಒಪ್ಪುವುದಿಲ್ಲ, ಏಕೆಂದರೆ ಬಿಸಿಗೆ ಅದು ಹೊಗೆಯಾಡಿ, ಕಂದು ಕಲೆಯಾಗಿ ಅಂಟಿ, ಧೂಳು ಹಿಡಿಯುತ್ತದೆ. ಆದರೆ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಲ್ಲಿಸಿಡುವ ಬೈಕಿಗೆ ಹೊಸ ಎಣ್ಣೆಯ ತೆಳುಲೇಪಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಮತ್ತೆ ಚಾಲೂ ಮಾಡುವ ಮೊದಲು ಒರೆಸಿದರಾಯಿತು. ಕಾರಿನ ಕಾರ್ನೌಬಾ ಮೇಣ 85 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಬೆಂಡ್ ಪೈಪಿನಲ್ಲಿ ನಿಲ್ಲುವುದಿಲ್ಲ. ಸಿಲಿಕೋನ್ ಸ್ಪ್ರೇ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಆದರೆ ಅದನ್ನು ಪೈಪಿಗೆ ನೇರವಾಗಿ ಹೊಡೆಯದೆ ಬಟ್ಟೆಗೆ ಹೊಡೆದು ಒರೆಸಬೇಕು. ಹಿಂದಿನ ಟೈರು ಅಥವಾ ಡಿಸ್ಕಿನ ಮೇಲೆ ಹನಿ ಬಿದ್ದರೆ ಅಪಾಯ. ಇವೆಲ್ಲಕ್ಕಿಂತ ಹೆಚ್ಚಿನ ವ್ಯತ್ಯಾಸ ತಂದುದು ಖರ್ಚಿಲ್ಲದ ಕೆಲಸ: ಕಡಲ ಬದಿಯಿಂದ ಬಂದ ದಿನ ಪೈಪು ತಣಿದ ಮೇಲೆ ಬಾವಿಯ ಸಿಹಿನೀರಿನಿಂದ ಉಪ್ಪನ್ನು ತೊಳೆದು, ಎಂಜಿನ್ ಸ್ವಲ್ಪ ಓಡಿಸಿ ಒಣಗಿಸುವುದು. ಒದ್ದೆ ಬೈಕಿಗೆ ಟಾರ್ಪಾಲು ಹೊದಿಸುವುದು ಇದಕ್ಕೆ ನೇರ ವಿರುದ್ಧ, ಒಳಗಿನ ತೇವ ಹೊರಗೆ ಹೋಗುವುದೇ ಇಲ್ಲ.

ಹೊರಗಿನ ಯಾವ ಲೇಪವೂ ತಲುಪದ ಜಾಗವೊಂದಿದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹಬೆಯಾಗಿ ಹುಟ್ಟುತ್ತದೆ. ಹತ್ತಿರದ ಅಂಗಡಿಗಷ್ಟೇ ಹೋಗಿಬರುವ ಬೈಕಿನಲ್ಲಿ ಸೈಲೆನ್ಸರ್ ಪೂರ್ತಿ ಕಾಯದೆ ಆ ಹಬೆ ಒಳಗೇ ನೀರಾಗಿ ನಿಂತು, ತಳವನ್ನು ಒಳಗಿನಿಂದ ತಿನ್ನುತ್ತದೆ. ಆ ನೀರು ಹೋಗಲೆಂದೇ ಅನೇಕ ಸೈಲೆನ್ಸರುಗಳ ತಳದಲ್ಲಿ ಸಣ್ಣ ತೂತು ಇರುತ್ತದೆ. ಅದನ್ನು ಕೆಟ್ಟದ್ದೆಂದು ಭಾವಿಸಿ ಎಂ-ಸೀಲಿನಿಂದ ಮುಚ್ಚಬಾರದು, ಕೆಸರು ಕಟ್ಟಿದ್ದರೆ ತಂತಿಯಿಂದ ಬಿಡಿಸಬೇಕು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಯ ಓಟ ಕೊಟ್ಟರೆ ಒಳಭಾಗ ಒಣಗುತ್ತದೆ. ತಳವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಲೋಹ ಒಳಕ್ಕೆ ಕುಸಿದರೆ ಫಾಯಿಲ್, ಕನ್ವರ್ಟರ್, ಬಣ್ಣ ಯಾವುದಕ್ಕೂ ಹಣ ಹಾಕದೆ ಸೈಲೆನ್ಸರನ್ನೇ ಬದಲಾಯಿಸುವುದು ಸರಿ, ಏಕೆಂದರೆ ಅಷ್ಟು ತೆಳುವಾದ ತಗಡಿಗೆ ವೆಲ್ಡಿಂಗ್ ತೇಪೆಯೂ ನಿಲ್ಲುವುದಿಲ್ಲ.