ಧಾರವಾಡದ ಮಿಷನ್ ದವಾಖಾನೆ: ಐದಕ್ಕೆ ನಾಲ್ಕು

ಅವ್ವನ ಕಾಲಿಗೆ ಶುಗರ್ ಗಾಯ. ಮೂರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಇಲ್ಲಿಗೇ ಓಡಾಡಿದೆವು. ಚೀಟಿ ಸಾಲು ಉದ್ದ, ಕೂರಲು ಬೆಂಚು ಕಡಿಮೆ, ಒಂದು ಅಂಕ ಅದಕ್ಕೇ ಕಟ್.

ಆದರೆ ಆ ವಯಸ್ಸಾದ ಸಿಸ್ಟರ್! ನೆಲದ ಮೇಲೆ ಕೂತು, ಅವ್ವನ ಕಾಲನ್ನು ತೊಡೆ ಮೇಲಿಟ್ಟುಕೊಂಡು, ಬ್ಯಾಂಡೇಜು ಅಂಟಿದ ಕಡೆ ಸಲೈನ್ ಹನಿಸಿ, ನೆನೆಯುವವರೆಗೆ ಕಾದು ಮೆಲ್ಲಗೆ ಬಿಡಿಸುತ್ತಿದ್ದರು. ಯೇಸು ಶಿಷ್ಯರ ಕಾಲು ತೊಳೆದ ಕಥೆ ಸುಮ್ನೆ ಕೇಳಿದ್ದೆ ಅಷ್ಟೇ.

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲೇ ಬಂದ ಊರಿದು. ಆದರೆ ಹೆಸರು ಬಯಸದ ಇಂಥ ಸೇವೆ ಅಪರೂಪ; ಈಗಂತೂ ಒಂದು ಫ್ಯಾನ್ ಕೊಟ್ಟರೂ ರೆಕ್ಕೆ ಮೇಲೆ ಹೆಸರು ಬರೆಸುತ್ತಾರೆ, ಅಲ್ವಾ?

ಗಾಯ ಮಾಯ್ದ ದಿನ ಅವ್ವ ಸಿಸ್ಟರ್‌ಗೆ ಕೈ ಮುಗಿದಳು. "ನನಗ್ಯಾಕಬೇ ಅವ್ವಾ, ಮಾಯಿಸಿದಾಂವ ದೇವರು, ನಾ ಬರೇ ಪಟ್ಟಿ ಕಟ್ಟೀನಿ" ಅಂದರು. ಕೊಟ್ಟ ಪೇಡೆಯನ್ನೂ ಸಾಲಿನವರಿಗೆ ಹಂಚಿಬಿಟ್ಟರು.