ವಿಲ್ಲಿ ನೆಲ್ಸನ್ ದನಿಯಲ್ಲಿ ‘ಆಲ್ವೇಸ್ ಆನ್ ಮೈ ಮೈಂಡ್’

ಪ್ರೇಮಗೀತೆ ಎಂದು ಹೆಸರಾದರೂ ‘ಆಲ್ವೇಸ್ ಆನ್ ಮೈ ಮೈಂಡ್’ ಅಸಲಿಗೆ ಒಂದು ತಪ್ಪೊಪ್ಪಿಗೆ. ಆಡಬೇಕಿದ್ದ ಮಾತು ಆಡಲಿಲ್ಲ, ಕೊಡಬೇಕಿದ್ದ ಹೊತ್ತು ಕೊಡಲಿಲ್ಲ, ಆದರೂ ಮನಸ್ಸಲ್ಲಿ ನೀನೇ ಇದ್ದೆ ಅನ್ನುವ ಹಾಡು. ವೇಯ್ನ್ ಕಾರ್ಸನ್, ಜಾನಿ ಕ್ರಿಸ್ಟೋಫರ್, ಮಾರ್ಕ್ ಜೇಮ್ಸ್ ಮೂವರೂ ಸೇರಿ ಬರೆದದ್ದು. ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಇದನ್ನು 1972ರಲ್ಲಿ ಹಾಡಿದ್ದರು. ಹತ್ತು ವರ್ಷದ ನಂತರ, 1982ರಲ್ಲಿ, ಟೆಕ್ಸಸ್‌ನ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಸಂಗೀತಶೈಲಿ) ಗಾಯಕ ವಿಲ್ಲಿ ನೆಲ್ಸನ್ ಹಾಡಿದ್ದು ಬಂತು. ಎರಡರಲ್ಲಿ ನಂಬಿಕೆ ಹುಟ್ಟಿಸುವುದು ನೆಲ್ಸನ್ ಹಾಡಿದ್ದೇ.

ಎಲ್ವಿಸ್ ತುಂಬುಕಂಠದಲ್ಲಿ ಸ್ವರ ಏರಿಸಿ ಎಳೆಯುತ್ತಾರೆ. ಕೇಳುವವರ ಗಮನ ದನಿಯ ಮೇಲೆ ಹೋಗುತ್ತದೆ. ನೆಲ್ಸನ್ ದನಿ ತೆಳು, ಸ್ವಲ್ಪ ಮೂಗಿನದು. ಸಾಲಿನ ಕೊನೆಯ ಸ್ವರವನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮುಖ್ಯವಾದದ್ದು ಲಯ. ನಾಲ್ಕರ ಎಣಿಕೆಯನ್ನು ಕೈಯಲ್ಲಿ ಹಾಕುತ್ತಾ ಮೊದಲ ಸಾಲು ಕೇಳಿ. ವಾದ್ಯಗಳು ತಾಳಕ್ಕೆ ಸರಿಯಾಗಿ ಬೀಳುತ್ತವೆ, ಮಾತು ಮಾತ್ರ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಮುಂದಿನ ಪದಗಳನ್ನು ಬೇಗ ಹೇಳಿ ಆ ಸಾಲ ತೀರಿಸುತ್ತಾರೆ. ಹೇಳಲೋ ಬೇಡವೋ ಎಂದು ತಡವರಿಸುವ ಮನುಷ್ಯನ ಮಾತಿನ ನಡೆ ಇದು. ಕ್ಷಮೆ ಕೇಳುವ ಸಾಹಿತ್ಯಕ್ಕೆ ಇದಕ್ಕಿಂತ ಒಪ್ಪುವ ಗಾಯನ ಇಲ್ಲ.

ವೇದಿಕೆಯಲ್ಲಿ ಇದನ್ನು ಹಾಡುವವರು ಎಡವುವುದೂ ಇಲ್ಲೇ. ಗಾಯಕ ಹಿಂದೆ ಬಿದ್ದನೆಂದು ಡ್ರಮ್ಸ್‌ನವರು ಕಾಯುತ್ತಾರೆ, ವೇಗ ಇಳಿಯುತ್ತದೆ, ಎರಡನೇ ಚರಣಕ್ಕೆ ಹಾಡು ಜೋಲುತ್ತದೆ. ಮೊದಲು ಮೆಟ್ರೊನೋಮ್ (ಒಂದೇ ವೇಗದಲ್ಲಿ ತಾಳ ಎಣಿಸುವ ಸಾಧನ) ಇಟ್ಟು ತಾಳಕ್ಕೆ ಸರಿಯಾಗಿ ಕಲಿಯಿರಿ. ಆಮೇಲೆ ಪ್ರತಿ ಸಾಲಿನ ಮೊದಲ ಪದವನ್ನಷ್ಟೇ ತಡಮಾಡಿ, ಸಾಲಿನ ಕೊನೆಗೆ ತಾಳ ಸೇರಿಕೊಳ್ಳಿ. ಎಲ್ಲ ಪದವನ್ನೂ ತಡಮಾಡಿದರೆ ತಾಳ ತಪ್ಪಿದಂತೆಯೇ ಕೇಳುತ್ತದೆ.

ನೆಲ್ಸನ್‌ರ ಗಿಟಾರ್ ‘ಟ್ರಿಗರ್’ ನೈಲಾನ್ ತಂತಿಯ, ಮಾರ್ಟಿನ್ ಕಂಪನಿಯ ಎನ್-20 ಮಾದರಿ. 1969ರಿಂದ ಅವರ ಕೈಯಲ್ಲಿದೆ. ಬೆರಳಲ್ಲಿ ನುಡಿಸುವ ಕ್ಲಾಸಿಕಲ್ ಗಿಟಾರಾದ್ದರಿಂದ ಪಿಕ್‌ನ (ತಂತಿ ಮೀಟುವ ಪುಟ್ಟ ಬಿಲ್ಲೆಯ) ಗೀರು ತಡೆಯುವ ಪಟ್ಟಿ ಅದಕ್ಕಿಲ್ಲ. ಇವರು ಪಿಕ್‌ನಲ್ಲೇ ನುಡಿಸಿ ನುಡಿಸಿ ಮರ ಸವೆದು ತೂತೇ ಬಿದ್ದಿದೆ! ಮೊಬೈಲ್ ಸ್ಪೀಕರಿನಲ್ಲಿ ಇದರ ಮೃದುವಾದ ನಾದ ಸಿಗುವುದಿಲ್ಲ. ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್ ತೆಗೆದು ಕೇಳಿ.

ಒಂದು ಕೊರತೆ: ಕೋರಸ್ ದಟ್ಟವಾಗುವ ಕಡೆ ತಪ್ಪೊಪ್ಪಿಗೆಯ ಏಕಾಂತ ಕೊಂಚ ಕದಡುತ್ತದೆ. ನಿರ್ಮಾಪಕ ಚಿಪ್ಸ್ ಮೋಮನ್ ಅಲ್ಲಿ ಇನ್ನಷ್ಟು ಕೈ ಬಿಗಿ ಹಿಡಿಯಬಹುದಿತ್ತು.

ಹಾಡು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, 1983ರಲ್ಲಿ ನೆಲ್ಸನ್‌ಗೆ ಗ್ರ್ಯಾಮಿ ತಂದಿತು. ಕೊಳ್ಳುವುದಾದರೆ ಇದೇ ಹೆಸರಿನ 1982ರ ಪೂರ್ತಿ ಆಲ್ಬಂ ಕೊಳ್ಳಿ. ಅದರಲ್ಲಿ ಇನ್ನೊಬ್ಬ ಕಂಟ್ರಿ ಗಾಯಕ ವೇಲನ್ ಜೆನಿಂಗ್ಸ್ ಜತೆಗಿನ ‘ಎ ವೈಟರ್ ಶೇಡ್ ಆಫ್ ಪೇಲ್’ ಅಷ್ಟಾಗಿ ಹೊಂದಿಲ್ಲ. ‘ಲೆಟ್ ಇಟ್ ಬಿ ಮಿ’ ಮಾತ್ರ ಬಿಡಬೇಡಿ.