ಎನ್‌ವಿಡಿಯಾ ಡ್ರೈವರ್ ಹಾಕಲು ಹಲವು ದಾರಿ, ನನಗೆ ಸರಿಹೋದದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ. ಉಬುಂಟು ಎಂಬ ಲಿನಕ್ಸ್, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್, ನಂಬಿಕೆಯ ಸಹಿಯಿಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಈ ಮೂರೂ ಒಂದೇ ಡಬ್ಬದಲ್ಲಿದ್ದರೆ, ಉಬುಂಟುವಿನವರೇ ಕಟ್ಟಿ ಸಹಿ ಹಾಕಿ ಕೊಡುವ ಸಿದ್ಧ ಡ್ರೈವರ್ ಮಾಡ್ಯೂಲ್ ಪ್ಯಾಕೇಜನ್ನೇ ಹಾಕಿಕೊಳ್ಳಿ. ಉಳಿದ ದಾರಿಗಳನ್ನೆಲ್ಲ ನಾನು ತುಳಿದು ನೋಡಿ ಆಗಿದೆ. ಯಾಕೆ ಬಿಟ್ಟೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಕುಂದಾಪುರದ ಕಡೆ ಸಣ್ಣ ವಿಡಿಯೊ ಕೆಲಸ. ಯಕ್ಷಗಾನ ಮೇಳಗಳ ತಿರುಗಾಟ ಶುರುವಾಯಿತೆಂದರೆ ಮೇ ತನಕ ಹರಕೆ ಆಟಗಳ (ಮನೆಯವರು ಹರಕೆ ಹೊತ್ತು ಆಡಿಸುವ ಯಕ್ಷಗಾನ) ರೆಕಾರ್ಡಿಂಗ್. ಎಡಿಟಿಂಗ್ ಎಲ್ಲ ಕೆಡೆನ್‌ಲೈವ್‌ನಲ್ಲಿ. ಕಂಪ್ಯೂಟರಿನಲ್ಲಿರುವುದು ಐ5-9400ಎಫ್, ಕಾರ್ಡ್ ಜಿಟಿಎಕ್ಸ್ 1650. ಆ ‘ಎಫ್’ ಅಕ್ಷರವನ್ನು ಕೊಳ್ಳುವಾಗ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ನಾಲ್ಕು ಕಾಸು ಕಡಿಮೆ ಎಂದಷ್ಟೇ ನೋಡಿದ್ದೆ. ಎಫ್ ಅಂದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಮುನಿಸಿಕೊಂಡರೆ ಕೇಬಲ್ ಕಿತ್ತು ಮದರ್‌ಬೋರ್ಡಿಗೆ ಚುಚ್ಚಿ ಬಚಾವಾಗುವ ಹಾಗಿಲ್ಲ.

2024ರ ಜನವರಿ. ಉಬುಂಟು 22.04ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ 6.2 ಹೋಗಿ 6.5 ಬಂದ ಹೊತ್ತು. ಮರುದಿನ ಒಂದು ಮನೆಯವರಿಗೆ ಆಟದ ವಿಡಿಯೊ ಕೊಡುವುದಿತ್ತು. ಅಂಥ ದಿನವೇ ಅಪ್‌ಡೇಟ್ ಒತ್ತುವ ಬುದ್ಧಿ ಎಲ್ಲಿಂದ ಬರುತ್ತದೋ ಗೊತ್ತಿಲ್ಲ ಮಾರಾಯ್ರೆ. ಟರ್ಮಿನಲ್ಲಿನಲ್ಲಿ ಸಾಲುಗಳು ಸರಸರ ಓಡುವಾಗ ನಡುವೆ ‘ಬ್ಯಾಡ್ ರಿಟರ್ನ್ ಸ್ಟೇಟಸ್’ ಅಂತ ಒಂದು ಸಾಲು ಬಂದದ್ದು ಕಣ್ಣಿಗೆ ಬಿದ್ದಿತ್ತು. ನೋಡಿಯೂ ನೋಡದವನ ಹಾಗೆ ಚಾಕ್ಕೆ ಎದ್ದುಹೋದೆ. ಬಂದು ರೀಸ್ಟಾರ್ಟ್ ಮಾಡಿದರೆ ಐಕಾನ್‌ಗಳು ಅಂಗೈಯಷ್ಟು ದೊಡ್ಡದು, ಮೌಸ್ ಎಳೆದರೆ ಬಾಣ ಅರ್ಧ ಸೆಕೆಂಡ್ ತಡವಾಗಿ ಹಿಂದೆ ಬರುತ್ತದೆ, ಪ್ರೊಸೆಸರ್ ಫ್ಯಾನ್ ಸುಮ್ಮನೆ ಕೂತಾಗಲೂ ಬುಸುಗುಡುತ್ತಿದೆ. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಕಾರ್ಡಿನ ಹೆಸರು ಇರಬೇಕಾದ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’. ಅಂದರೆ ಕಾರ್ಡ್ ಲೆಕ್ಕಕ್ಕಿಲ್ಲ, ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರೇ ಹೊತ್ತುಕೊಂಡಿದೆ.

ಆ ರಾತ್ರಿ ಕಾಪಾಡಿದ್ದು ಹಳೇ ಕರ್ನಲ್. ಕಂಪ್ಯೂಟರ್ ಏಳುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನು ತೆರೆದು, ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ 6.2 ಆರಿಸಿದೆ. ಎಲ್ಲ ಮೊದಲಿನ ಹಾಗೆ. ವಿಡಿಯೊ ಹೊತ್ತಿಗೆ ಸರಿಯಾಗಿ ಹೋಯಿತು. ಹಾಗಂತ ಅಲ್ಲೇ ಕೂರುವ ಹಾಗಿಲ್ಲ. ಹೊಸದು ಬಂದ ಮೇಲೆ ಹಳೆಯದಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಒಂದು ವಾರದ ಮಟ್ಟಿಗೆ ಸರಿ.

ಈಗ ತಪ್ಪು ಯಾರದ್ದು ಅನ್ನುವುದು. ನನ್ನದೇ. ಹೊಸ ನಂಬರಿನ ಡ್ರೈವರೇ ಬೇಕೆಂಬ ಹಟದಲ್ಲಿ ಎನ್‌ವಿಡಿಯಾ ಸೈಟಿನಿಂದ ರನ್ ಫೈಲ್, ಅಂದರೆ ಅವರದ್ದೇ ಇನ್‌ಸ್ಟಾಲರ್, ಇಳಿಸಿ ನಾನೇ ಕೈಯಾರೆ ಹಾಕಿಕೊಂಡಿದ್ದೆ. ಡ್ರೈವರಿನ ಕರ್ನಲ್ ಭಾಗ, ಅಂದರೆ ಮಾಡ್ಯೂಲ್, ಪ್ರತಿ ಕರ್ನಲ್‌ಗೂ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ, ಒಬ್ಬನದ್ದು ಇನ್ನೊಬ್ಬನಿಗೆ ಆಗುವುದಿಲ್ಲ. ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಹೊಲಿಯಲಿಕ್ಕೆ ಡಿಕೆಎಂಎಸ್ ಎಂಬ ವ್ಯವಸ್ಥೆ ಇದೆ, ಅದನ್ನೂ ಒಪ್ಪಿಕೊಂಡಿದ್ದೆ. ಆದರೆ 6.5 ಕರ್ನಲ್ಲನ್ನು ಕೋಡ್ ಕಟ್ಟುವ ಕಂಪೈಲರ್ ಆದ ಜಿಸಿಸಿಯ 12ನೇ ಆವೃತ್ತಿಯಿಂದ ಕಟ್ಟಿದ್ದರು. 22.04ರಲ್ಲಿ ಮಾಮೂಲಿಯಾಗಿ ಇರುವುದು ಜಿಸಿಸಿ 11. ಆ ಕರ್ನಲ್ ಬಯಸುವ ಒಂದು ಆಪ್ಷನ್ 11ಕ್ಕೆ ಗೊತ್ತೇ ಇಲ್ಲ, ‘ಅನ್‌ರೆಕಗ್ನೈಸ್ಡ್’ ಎಂದು ಹೇಳಿ ಕೈ ಚೆಲ್ಲಿತು. ಇಷ್ಟೂ ಡಿಕೆಎಂಎಸ್‌ನ ಮೇಕ್ ಲಾಗ್ ಫೈಲಿನಲ್ಲಿ ಬರೆದಿಟ್ಟಿತ್ತು. ನಾನು ಚಾ ಕುಡಿಯುತ್ತಿದ್ದೆ.

ಇನ್ನೊಂದು ಎಡವಟ್ಟು. ರನ್ ಫೈಲ್ ಹಾಕುವಾಗ ಕರ್ನಲ್ ಜೊತೆಗೇ ಬರುವ ನೂವೋ ಡ್ರೈವರ್ ಅಡ್ಡ ಬರಬಾರದೆಂದು ಬ್ಲಾಕ್‌ಲಿಸ್ಟ್ ಮಾಡಿ ತಡೆದಿರುತ್ತೇವೆ. ಹಾಗಾಗಿ ಕಂಪನಿಯ ಡ್ರೈವರ್ ಏಳದೆ ಹೋದರೆ ಅದರ ಜಾಗಕ್ಕೆ ನೂವೋ ಕೂಡ ಬರುವುದಿಲ್ಲ. ಅಂಗೈ ಅಗಲದ ಐಕಾನ್‌ಗೆ ಕಾರಣ ಅದು. ರನ್ ಫೈಲ್ ಬಗ್ಗೆ ಇಷ್ಟು ಸಾಕು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಬ್ಲಾಕ್‌ಲಿಸ್ಟ್ ಫೈಲ್ ಅಳಿಸಿದೆ. ಇನ್ನು ಹಾಕುವುದಿಲ್ಲ.

ನೂವೋ ಮೇಲೆ ಎರಡು ವಾರ ಕಳೆದೆ. ಇದು ಕರ್ನಲ್ ಒಳಗೇ ಇರುವ ಮುಕ್ತ ಡ್ರೈವರ್, ಅಪ್‌ಡೇಟ್‌ಗೆ ಬೆದರುವುದೇ ಇಲ್ಲ. ಎರಡೂ ಮಾನಿಟರ್ ಪೂರ್ತಿ ರೆಸಲ್ಯೂಶನ್‌ನಲ್ಲಿ ಬಂತು. ಬಿಲ್ ಬರೆಯಲು, ಬ್ರೌಸರ್ ನೋಡಲು ಧಾರಾಳ ಸಾಕು. ಆದರೆ 6.5ರಲ್ಲಿ ಈ ಕಾರ್ಡಿನ ವೇಗವನ್ನು ಏರಿಸುವ ಶಕ್ತಿ ನೂವೋಗೆ ಇರಲಿಲ್ಲ, ಬೂಟ್ ಆದಾಗಿನ ನಿಧಾನದಲ್ಲೇ ಓಡುತ್ತದೆ. ಆ ಬಾಗಿಲು ತೆರೆದದ್ದು 6.7ರಲ್ಲಿ, ಕಾರ್ಡಿನೊಳಗಿನ ನಿಯಂತ್ರಕವನ್ನು ಓಡಿಸುವ ಜಿಎಸ್‌ಪಿ ಫರ್ಮ್‌ವೇರಿಗೆ ಬೆಂಬಲ ಬಂದ ಮೇಲೆ. ನನಗೆ ಮುಖ್ಯವಾದ ಎನ್‌ವೆಂಕ್, ಅಂದರೆ ಕಾರ್ಡೇ ವಿಡಿಯೊ ಎನ್‌ಕೋಡ್ ಮಾಡುವ ಸೌಲಭ್ಯ, ಇಲ್ಲಿ ಸಿಗಲಿಲ್ಲ. ಸಂಜೆ ರೆಂಡರ್‌ಗೆ ಹಾಕಿದರೆ ಬೆಳಗಿನ ಕೋಳಿ ಕೂಗುವ ತನಕ ಕಾಯಬೇಕು.

ಆ ನಡುವೆ ನಮ್ಮ ಮನೆಯವಳು ಟ್ಯಾಲಿ ಲೆಕ್ಕಕ್ಕೆ ಬೇಕೆಂದಳೆಂದು ಇನ್ನೊಂದು ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕಿಸಿದೆವು. ಅದರ ಜೊತೆ ಸೆಕ್ಯೂರ್ ಬೂಟ್ ಆನ್ ಆಯಿತು, ಡಿಸ್ಕಿಗೆ ಬಿಟ್‌ಲಾಕರ್ ಬೀಗವೂ ಬಿತ್ತು. ಇನ್ನು ಸೆಕ್ಯೂರ್ ಬೂಟ್ ಆಫ್ ಮಾಡಿದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ‘ನಿಮ್ಮ ಲಿನಕ್ಸಿಗೋಸ್ಕರ ನನ್ನ ಲೆಕ್ಕ ಹೋದರೆ ನೋಡಿ’ ಎಂದಳು. ಹಾಗಾಗಿ ಆಫ್ ಮಾಡುವ ಸುಲಭದ ದಾರಿ ಅಲ್ಲಿಗೆ ಮುಚ್ಚಿತು.

ಈಗ ಉಬುಂಟು ಭಂಡಾರದಿಂದಲೇ 535 ಸರಣಿಯ ಡ್ರೈವರ್ ಹಾಕಿದೆ, ಡಿಕೆಎಂಎಸ್ ರೂಪದಲ್ಲಿ. ಈ ಸಲ ಜಿಸಿಸಿ 12 ಇತ್ತು, ಮಾಡ್ಯೂಲ್ ಸರಿಯಾಗಿಯೇ ಕಟ್ಟಿತು. ಆದರೆ ನಮ್ಮ ಕಂಪ್ಯೂಟರಿನಲ್ಲೇ ಕಟ್ಟಿದ ಮಾಡ್ಯೂಲಿಗೆ ನಮ್ಮ ಕೀಯಿಂದಲೇ ಸಹಿ. ಆ ಕೀಯನ್ನು ನಂಬು ಎಂದು ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ಖುದ್ದಾಗಿ ಹೇಳಬೇಕು. ಇದಕ್ಕೆ ಮೋಕ್ ಎನ್‌ರೋಲ್ ಅನ್ನುತ್ತಾರೆ. ಇನ್‌ಸ್ಟಾಲ್ ಆಗುವಾಗ 8ರಿಂದ 16 ಅಕ್ಷರದ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಮಾಡಿದೆ. ನೇರವಾಗಿ ಉಬುಂಟು ಬಂತು, ಡ್ರೈವರ್ ಬರಲಿಲ್ಲ. ಕೈಯಿಂದ ಮಾಡ್ಯೂಲ್ ಏರಿಸಲು ಹೋದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’.

ಏನಾಗಿತ್ತೆಂದರೆ, ರೀಸ್ಟಾರ್ಟ್ ಆದ ಕೂಡಲೇ ಒಂದು ನೀಲಿ ಪರದೆ ಬರುತ್ತದೆ: ‘ಯಾವುದಾದರೂ ಕೀ ಒತ್ತಿ’ ಅಂತ. ಹತ್ತು ಸೆಕೆಂಡ್ ಕಾಯುತ್ತದೆ. ಒತ್ತದಿದ್ದರೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ನನ್ನ ಹಳೇ ಮಾನಿಟರ್ ವಿಜಿಎ ಅಡಾಪ್ಟರ್ ಮೂಲಕ ಇರುವುದರಿಂದ ಕಣ್ಣು ಬಿಡಲಿಕ್ಕೇ ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ನೀಲಿ ಪರದೆ ಬಂದು ಹೋದದ್ದೇ ನನಗೆ ಕಾಣಲಿಲ್ಲ. ಎರಡನೇ ಸಲ, ಪರದೆ ಕಪ್ಪಗಿರುವಾಗಲೇ ಸ್ಪೇಸ್‌ಬಾರ್ ಬಡಿಯುತ್ತಾ ಕೂತೆ. ಮೆನು ಸಿಕ್ಕಿತು. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್. ಒಪ್ಪಲಿಲ್ಲ. ಮತ್ತೆ ಹೊಡೆದೆ, ಒಪ್ಪಲಿಲ್ಲ. ಟೈಪ್ ಮಾಡುವಾಗ ಒಂದು ಚುಕ್ಕೆ ಕೂಡ ಕಾಣುವುದಿಲ್ಲ, ಏನು ಬಿದ್ದಿದೆ ಎಂದು ತಿಳಿಯುವ ಉಪಾಯವಿಲ್ಲ.

ಅಣ್ಣನ ಮಗನಿಗೆ ಫೋನ್ ಮಾಡಿದೆ. ಇಂಜಿನಿಯರಿಂಗ್ ಓದುತ್ತಾನೆ, ರಾತ್ರಿ ಒಂದು ಗಂಟೆಗೂ ಎಚ್ಚರ ಇರುವವನು.

‘ಚಿಕ್ಕಪ್ಪ, ಪಾಸ್‌ವರ್ಡಿನಲ್ಲಿ ನಂಬರ್ ಇದೆಯಾ?’

‘ಉಂಟು, ಕಡೆಗೆ ನಾಲ್ಕು.’

‘ಯಾವ ಕೀಯಲ್ಲಿ ಹೊಡೀತಿದ್ದೀರಿ?’

ನಾನು ಬಿಲ್ ಬರೆದು ಬರೆದು ಅಭ್ಯಾಸವಾದವನು, ಅಂಕಿ ಎಂದರೆ ಬಲಗೈ ತಾನಾಗಿ ಬಲಬದಿಯ ನಂಬರ್ ಪ್ಯಾಡಿಗೆ ಹೋಗುತ್ತದೆ. ನಮ್‌ಲಾಕ್ ದೀಪ ಆರಿತ್ತು. ಆ ಹೊತ್ತಿನಲ್ಲಿ ಅದು ಆನ್ ಇರುವುದಿಲ್ಲ, ನಾನು ಹೊಡೆದ ನಾಲ್ಕು ಅಂಕಿಯಲ್ಲಿ ಒಂದೂ ಒಳಗೆ ಬಿದ್ದಿರಲಿಲ್ಲ. ಮೇಲಿನ ಸಾಲಿನ ಅಂಕಿ ಒತ್ತಿದ ಕೂಡಲೇ ಒಪ್ಪಿತು. ನೀವು ಈ ದಾರಿಯಲ್ಲೇ ಹೋಗುವವರಾದರೆ ಪಾಸ್‌ವರ್ಡ್ ಬರೀ ಸಣ್ಣ ಅಕ್ಷರಗಳಲ್ಲಿ ಇಡಿ. ಬ್ಲೂಟೂತ್ ಕೀಬೋರ್ಡ್ ಇದ್ದರೆ ಆ ದಿನಕ್ಕೆ ವೈರಿನದ್ದೊಂದು ಎರವಲು ತನ್ನಿ.

ಅದಾದ ಮೇಲೆ ಮೂರು ತಿಂಗಳು ನಿಶ್ಚಿಂತೆ. ಪ್ರತಿ ಕರ್ನಲ್ ಅಪ್‌ಡೇಟಿಗೂ ಮಾಡ್ಯೂಲ್ ಕಟ್ಟಲು ಕೆಲವು ನಿಮಿಷ ಕಾಯಬೇಕಿತ್ತು, ಅಷ್ಟೆ. ಆಮೇಲೊಂದು ದಿನ ಬಯೋಸ್ ಅಪ್‌ಡೇಟ್ ಮಾಡಿದೆ. ದಾಖಲಾಗಿದ್ದ ಕೀ ಅಳಿಸಿಹೋಗಿ ಮತ್ತದೇ ನೀಲಿ ಪರದೆ. ಡಿಕೆಎಂಎಸ್ ಮೇಲೆ ಮನಸ್ಸು ಮುರಿದದ್ದು ಆವಾಗ.

‘ಎನ್‌ವಿಡಿಯಾ 2022ರಲ್ಲೇ ಕರ್ನಲ್ ಮಾಡ್ಯೂಲನ್ನು ಮುಕ್ತ ಮಾಡಿದೆಯಲ್ಲ, ಇನ್ನೇನು ತೊಂದರೆ’ ಎಂದು ಕೆಲವರು ಕೇಳುತ್ತಾರೆ. ಮೂಲ ಕೋಡ್ ಕಾಣಲು ಸಿಕ್ಕಿತು, ನಿಜ. ಆದರೆ ಅದು ಇನ್ನೂ ಕರ್ನಲ್ಲಿನ ಹೊರಗೇ ಇದೆ. ಪ್ರತಿ ಕರ್ನಲ್‌ಗೂ ಹೊಲಿಯಬೇಕು, ಸಹಿ ಹಾಕಬೇಕು. ನನ್ನ ಈ ಕಥೆಯಲ್ಲಿ ಅದರಿಂದ ಏನೂ ಬದಲಾಗುತ್ತಿರಲಿಲ್ಲ.

ಎಎಂಡಿ ಕಾರ್ಡಿನ ಮಾತು ಬಿಟ್ಟರೆ ಅನ್ಯಾಯವಾಗುತ್ತದೆ. ಅಣ್ಣನ ಮಗ ರಜೆಯಲ್ಲಿ ಬಂದಾಗ ತನ್ನ ಆರ್‌ಎಕ್ಸ್ 570 ತಂದಿದ್ದ. ನನ್ನ 1650ಗೆ ಬೇರೆ ಪವರ್ ವೈರೇ ಬೇಡ, ಸ್ಲಾಟಿನಿಂದ ಸಿಗುವುದರಲ್ಲೇ ನಡೆಯುತ್ತದೆ. ಅವನದ್ದಕ್ಕೆ 8 ಪಿನ್ನಿನ ವೈರ್ ಬೇಕು, ನನ್ನ ಎಸ್‌ಎಂಪಿಎಸ್‌ನಲ್ಲಿ (ಪವರ್ ಸಪ್ಲೈ ಡಬ್ಬ) ಇದ್ದದ್ದು 6 ಪಿನ್ನಿನದ್ದು. ಅವನ ಎಸ್‌ಎಂಪಿಎಸ್ಸನ್ನೇ ಪಕ್ಕದ ಸ್ಟೂಲಿನ ಮೇಲಿಟ್ಟು ವೈರ್ ಎಳೆದೆವು. ಬಟನ್ ಒತ್ತಿದೆವು, ಬಂತು. ಇನ್‌ಸ್ಟಾಲ್ ಇಲ್ಲ, ಕೀ ಇಲ್ಲ, ನೀಲಿ ಪರದೆ ಇಲ್ಲ. ಡ್ರೈವರ್ ಕರ್ನಲ್ಲಿನ ಒಳಗೇ ಇದೆ, ಉಳಿದದ್ದು ಉಬುಂಟುವಿನ ಜೊತೆಗೇ ಬರುವ ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯಲ್ಲಿದೆ. ಹೊಟ್ಟೆಕಿಚ್ಚಾಯಿತು.

ಆಮೇಲೆ ಒಂದು ಆಟದ ತುಣುಕನ್ನು ಎರಡೂ ಕಾರ್ಡಿನಲ್ಲಿ ಒಂದೇ ಬಿಟ್‌ರೇಟಿನಲ್ಲಿ ರೆಂಡರ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿದೆವು. ಒಡ್ಡೋಲಗ, ಅರ್ಥಗಾರಿಕೆ ಎಲ್ಲ ಒಂದೇ. ಮಂಡಿ ಕುಣಿತ ಬಂತು ನೋಡಿ, ವೇಷಧಾರಿ ಮಂಡಿಯೂರಿ ಸುತ್ತತೊಡಗಿದಾಗ 570ರಲ್ಲಿ ಸೀರೆಯ ಚೌಕಳಿಯೆಲ್ಲ ಕಲಸಿ ತುಂಡು ತುಂಡು ಚೌಕಗಳಾದವು. ಆ ತಲೆಮಾರಿನ ಎಎಂಡಿ ಕಾರ್ಡುಗಳ ಎಚ್.264 ಎನ್‌ಕೋಡರಿನಲ್ಲಿ ಹಿಂದುಮುಂದಿನ ಚಿತ್ರ ನೋಡಿ ಜಾಗ ಉಳಿಸುವ ಬಿ-ಫ್ರೇಮ್ ಇಲ್ಲ, 1650ರಲ್ಲಿ ಇದೆ. ಬಿಟ್‌ರೇಟ್ ಏರಿಸಿದರೆ ಸರಿಹೋಗುತ್ತದೆ, ಆದರೆ ನನ್ನ ಗಿರಾಕಿಗಳು ಪೆನ್‌ಡ್ರೈವ್ ಕೊಟ್ಟು ‘ಇಡೀ ಆಟ ಇದರಲ್ಲೇ ಹಿಡೀಬೇಕು’ ಎನ್ನುವವರು. ಆಟ ನೋಡದವರಿಗೆ ಈ ವ್ಯತ್ಯಾಸ ಗೊತ್ತೂ ಆಗಲಿಕ್ಕಿಲ್ಲ. ಹೊಸದಾಗಿ ಕೊಳ್ಳುವವರು, ಎನ್‌ಕೋಡಿಂಗ್ ಗೊಡವೆ ಇಲ್ಲದವರು ಎರಡು ಮಾತಿಲ್ಲದೆ ಎಎಂಡಿ ತಗೊಳ್ಳಿ. ನನಗೆ ಇರುವ ಕಾರ್ಡ್ ಮಾರಿ, ಹೊಸ ಎಸ್‌ಎಂಪಿಎಸ್ ಸಮೇತ ಇನ್ನೊಂದು ಕೊಳ್ಳುವಷ್ಟು ದುಡ್ಡು ಆಟದ ಸೀಸನ್ನಿನ ಮಧ್ಯೆ ಇರಲಿಲ್ಲ.

ಕೊನೆಗೆ ಉಳಿದದ್ದು ಇದು. ಡಿಕೆಎಂಎಸ್ ಪ್ಯಾಕೇಜ್ ತೆಗೆದು ‘ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ-535-ಜೆನೆರಿಕ್-ಎಚ್‌ಡಬ್ಲ್ಯುಇ-22.04’ ಎಂಬ ರೈಲಿನಷ್ಟು ಉದ್ದದ ಹೆಸರಿನದ್ದು ಹಾಕಿದೆ. ಕರ್ನಲ್‌ಗೆ ಹೊಂದುವ ಮಾಡ್ಯೂಲನ್ನು ಅವರೇ ಕಟ್ಟಿರುತ್ತಾರೆ, ಕೆನಾನಿಕಲ್ ಸಹಿ ಇರುತ್ತದೆ, ಆ ಸಹಿಯನ್ನು ಉಬುಂಟು ಕರ್ನಲ್ ಮೊದಲೇ ನಂಬುತ್ತದೆ. ನನ್ನ ಜಿಸಿಸಿ ಯಾವುದಿದ್ದರೂ ಅದಕ್ಕೆ ಸಂಬಂಧವಿಲ್ಲ. ಹೊಸ ಕರ್ನಲ್ ಬಂದರೆ ಜೊತೆಗೆ ಅದರ ಮಾಡ್ಯೂಲೂ ಬರುತ್ತದೆ. ಹೆಸರಿನ ಕೊನೆಯ ‘ಎಚ್‌ಡಬ್ಲ್ಯುಇ-22.04’ ಬಿಡಬೇಡಿ. ಅದಿಲ್ಲದ ಪ್ಯಾಕೇಜ್ 22.04ರ ಜೊತೆ ಮೊದಲು ಬಂದ 5.15 ಕರ್ನಲಿನವರದ್ದು.

ದೋಷ ಇಲ್ಲವೆಂದಲ್ಲ. ತೀರಾ ಹೊಸ ಡ್ರೈವರ್ ಇಲ್ಲಿ ತಡವಾಗಿ ಬರುತ್ತದೆ. ಉಬುಂಟುವಿನದ್ದಲ್ಲದ ಕರ್ನಲ್ ಹಾಕಿಕೊಳ್ಳುವ ಚಪಲ ಇದ್ದವರಿಗೆ ಇದು ಆಗಿಬರುವುದಿಲ್ಲ. ಒಮ್ಮೆ ಹಾಡಹಗಲೇ ಎನ್‌ವೆಂಕ್ ನಿಂತುಹೋಗಿ ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದಿತು. ಹಿನ್ನೆಲೆಯಲ್ಲಿ ಲೈಬ್ರರಿ ಅಪ್‌ಡೇಟ್ ಆಗಿತ್ತು, ಓಡುತ್ತಿದ್ದ ಮಾಡ್ಯೂಲ್ ಹಳೆಯದು. ರೀಸ್ಟಾರ್ಟ್ ಮಾಡಿದೆ, ಮುಗಿಯಿತು.

2025ರ ಮೇಯಲ್ಲಿ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ 24.04ಕ್ಕೆ ಏರಿದೆ. ಪ್ಯಾಕೇಜ್ ಹೆಸರಿನ ಕೊನೆಗೆ 22 ಹೋಗಿ 24 ಆಯಿತು. ಮಳೆಗಾಲದಲ್ಲಿ ಕರ್ನಲ್ 6.11 ಹೋಗಿ 6.14 ಬಂತು. ಆ ದಿನವೂ ಚಾಕ್ಕೆ ಎದ್ದುಹೋಗಿದ್ದೆ, ಆದರೆ ಬಂದವನು ರೀಸ್ಟಾರ್ಟ್ ಒತ್ತುವ ಮೊದಲು ಟರ್ಮಿನಲ್ಲನ್ನು ಮೇಲಕ್ಕೆ ಸರಿಸಿ ಸಾಲು ಸಾಲಾಗಿ ಓದಿದೆ. 6.14ರ ಮಾಡ್ಯೂಲ್ ಇನ್‌ಸ್ಟಾಲ್ ಆದ ಸಾಲು ಅಲ್ಲೇ ಇತ್ತು.